ನಾಯಕ: ಫುಟ್‌ಬಾಲ್ ಅಂಗಳದಲ್ಲಿ ದಾರಿ ತಪ್ಪಿದ ಪದ

ಮೊನ್ನೆ ಒಂದು ಕ್ರೀಡಾಪುಟದಲ್ಲಿ ಫುಟ್‌ಬಾಲ್ ಪಂದ್ಯದ ವರದಿ ಓದುತ್ತಿದ್ದೆ. ‘ಬದಲಿ ಆಟಗಾರನನ್ನು ಕಣಕ್ಕಿಳಿಸಿದ ನಾಯಕನ ತಂತ್ರ ಫಲಿಸಿತು’ ಎಂದಿತ್ತು. ಇಂಥ ವಾಕ್ಯ ಎಷ್ಟನೇ ಸಲ ಕಣ್ಣಿಗೆ ಬೀಳುತ್ತಿದೆಯೋ ಲೆಕ್ಕವಿಟ್ಟಿಲ್ಲ. ಫುಟ್‌ಬಾಲ್‌ನಲ್ಲಿ ನಾಯಕ ಯಾರನ್ನೂ ಕಣಕ್ಕಿಳಿಸುವುದಿಲ್ಲ. ಬೇಕಾದರೆ ಅವನನ್ನೇ ಹೊರಗೆ ಕರೆಸಿಕೊಳ್ಳುತ್ತಾರೆ. ಆಗ ಅವನು ತೋಳಪಟ್ಟಿ ಬಿಚ್ಚಿ ಮತ್ತೊಬ್ಬನಿಗೆ ಕೊಟ್ಟು ತೆಪ್ಪಗೆ ಬೆಂಚಿನ ಮೇಲೆ ಹೋಗಿ ಕೂರುತ್ತಾನೆ. ತಂತ್ರವೆಲ್ಲ ಗೆರೆಯಾಚೆ ನಿಂತು ಕೂಗಾಡುವ ಕೋಚ್‌ನದು.

ತಪ್ಪು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ, ಕ್ರಿಕೆಟ್‌ನಿಂದ. ಅಲ್ಲಿ ಚೆಂಡು ಯಾರ ಕೈಗೆ, ಸ್ಲಿಪ್‌ನಲ್ಲಿ ಎಷ್ಟು ಮಂದಿ, ಟಾಸ್ ಗೆದ್ದರೆ ಬ್ಯಾಟೋ ಬೌಲೋ ಎಂಬುದೆಲ್ಲ ನಾಯಕನ ತೀರ್ಮಾನ. ಅದನ್ನು ನೋಡಿ ಬೆಳೆದ ನಾವು ‘ನಾಯಕ’ ಎಂದೊಡನೆ ‘ನಿರ್ಧರಿಸುವವನು’ ಎಂದು ಓದಿಕೊಳ್ಳುತ್ತೇವೆ. ಫುಟ್‌ಬಾಲ್ ನಾಯಕ ಟಾಸ್ ಗೆದ್ದರೆ ಯಾವ ಗೋಲಿನತ್ತ ಆಡಬೇಕೆಂದು ಆರಿಸಬಹುದು, ಇಲ್ಲವೇ ಮೊದಲ ಒದೆತವನ್ನು ತನ್ನ ತಂಡಕ್ಕೆ ಕೇಳಬಹುದು. ಅಷ್ಟೇ. ಆಟದ ನಿಯಮಾವಳಿ ಬಹುಕಾಲದಿಂದ ಹೇಳುತ್ತ ಬಂದಿರುವುದೂ ಇದನ್ನೇ: ನಾಯಕನಿಗೆ ವಿಶೇಷ ಸ್ಥಾನವಾಗಲಿ ಸವಲತ್ತಾಗಲಿ ಇಲ್ಲ, ತಂಡದ ನಡವಳಿಕೆಯ ಬಗ್ಗೆ ಒಂದಿಷ್ಟು ಹೊಣೆ ಇದೆ.

ಸೋಜಿಗವೆಂದರೆ, ಪದದ ಮೂಲ ಫುಟ್‌ಬಾಲ್‌ನ ಕಡೆಗೇ ಇದೆ. ಸಂಸ್ಕೃತದ ‘ನೀ’ ಧಾತುವಿಗೆ ಒಯ್ಯುವುದು, ಕರೆದೊಯ್ಯುವುದು ಎಂದು ಅರ್ಥ. ವಟುವನ್ನು ಗುರುವಿನ ಹತ್ತಿರಕ್ಕೆ ಒಯ್ಯುವುದು ಉಪನಯನ. ವಧುವನ್ನು ಅಗ್ನಿಯ ಸುತ್ತ ಕರೆದೊಯ್ಯುವುದು ಪರಿಣಯ. ನಮ್ಮನ್ನು ವಸ್ತುವಿನ ಕಡೆಗೆ ಒಯ್ಯುವ ಕಣ್ಣು ನಯನ. ನಾಟಕದ ಅರ್ಥವನ್ನು ಪ್ರೇಕ್ಷಕನ ಎದುರಿಗೆ ಒಯ್ಯುವುದು ಅಭಿನಯ. (ಪೆನಾಲ್ಟಿ ಚೌಕದೊಳಗೆ ಯಾರೂ ಮುಟ್ಟದೆಯೇ ಉರುಳಿ ಬೀಳುವವರು ರೆಫರಿಯ ಎದುರಿಗೆ ಒಯ್ಯುವುದೂ ಇದನ್ನೇ.) ನೀತಿ, ವಿನಯ, ನೇತಾರ, ನೇತೃತ್ವ ಎಲ್ಲವೂ ಇದೇ ಬಳ್ಳಿಯವು. ‘ನ್ಯಾಯ’ವನ್ನೂ ಇಲ್ಲಿಗೆ ತಂದು ಸೇರಿಸುವವರಿದ್ದಾರೆ, ಸೇರುವುದಿಲ್ಲ, ಅದರ ಧಾತು ‘ಇ’, ಹಿಂದಿರುವುದು ‘ನಿ’ ಎಂಬ ಉಪಸರ್ಗ. ಈ ಇಡೀ ಬಳ್ಳಿಯಲ್ಲಿ ಅಪ್ಪಣೆ ಕೊಡುವ ಅರ್ಥ ಮೂಲದಲ್ಲಿ ಎಲ್ಲೂ ಇಲ್ಲ. ಜೊತೆಯಲ್ಲಿ ನಡೆದು ತಲುಪಿಸುವುದು, ಅದಷ್ಟೇ ಇದೆ. ರಾಷ್ಟ್ರಗೀತೆಗೆ ಮುಂಚೆ ಪುಟ್ಟ ಮಗುವೊಂದರ ಕೈ ಹಿಡಿದು, ಹಿಂದೆ ಹತ್ತು ಮಂದಿಯ ಸಾಲನ್ನು ಅಂಗಳಕ್ಕೆ ಕರೆತರುತ್ತಾನಲ್ಲ, ಆ ಒಂದು ನಿಮಿಷ ಅವನು ಅಕ್ಷರಶಃ ನಾಯಕ.

ವಿಜಯನಗರದ ಅಮರನಾಯಕರನ್ನೂ ನೆನೆಯಬಹುದು. ಅರಸ ಕೊಟ್ಟ ಸೀಮೆಯನ್ನು ಅನುಭವಿಸುತ್ತ, ಅದಕ್ಕೆ ಪ್ರತಿಯಾಗಿ ದಂಡು ಸಾಕಿ, ಕರೆ ಬಂದಾಗ ಅದನ್ನು ಕರೆದುಕೊಂಡು ಹೋಗುವುದು ಅವರ ಕೆಲಸ. ಯಾರ ಮೇಲೆ ಯುದ್ಧ ಎಂಬುದು ಅರಸನ ಮಾತು. ನಮ್ಮ ಕ್ರೀಡಾಪುಟಗಳು ನೆಚ್ಚಿಕೊಂಡಿರುವುದು ಈ ನಾಯಕನನ್ನಲ್ಲ, ಕಾವ್ಯದ ಮತ್ತು ಸಿನಿಮಾದ ನಾಯಕನನ್ನು. ಅವನಿಲ್ಲದೆ ಕಥೆಯೇ ಸಾಗುವುದಿಲ್ಲ!

‘ಕೋಚ್’ ಪದದ್ದು ಇನ್ನೊಂದು ತಮಾಷೆ. ಹಂಗೆರಿಯ ಕೋಚ್ ಎಂಬ ಊರಿನಲ್ಲಿ ಮಾಡುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿತು. ಹತ್ತೊಂಬತ್ತನೇ ಶತಮಾನದ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಪಾಠದವನನ್ನು ಆ ಹೆಸರಿನಿಂದ ಕರೆದರು. ಅಲ್ಲಿಂದ ಅದು ಆಟದ ಬಯಲಿಗೆ ಬಂತು. ನಮ್ಮ ರೈಲಿನ ಕೋಚೂ ಅದೇ. ಅಂದರೆ ಅವನೂ ಒಯ್ಯುವವನೇ. ‘ತರಬೇತುದಾರ’ ಎಂಬ ಅನುವಾದ ರಾಷ್ಟ್ರೀಯ ತಂಡದ ಮಟ್ಟಿಗೆ ಅಷ್ಟು ಹೊಂದುವುದಿಲ್ಲ. ಅರಬ್ಬಿಯ ‘ತರ್ಬಿಯತ್’ ಎಂದರೆ ಸಾಕಿ ಬೆಳೆಸುವುದು. ಬೆಳೆಸುವ ಕೆಲಸ ಕ್ಲಬ್‌ನಲ್ಲಿ ಆಗಿರುತ್ತದೆ. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದು ವರ್ಷದಲ್ಲಿ ಕೆಲವು ಸಲ, ಸಿಕ್ಕಾಗಲೂ ಕೆಲವೇ ದಿನ. ಅವನ ದೊಡ್ಡ ಕೆಲಸ ಆರಿಸುವುದು.

ಇಬ್ಬರ ಕೆಲಸ ಬೇರೆ ಎಂಬುದಕ್ಕೆ ಸಾಕ್ಷಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಇದೆ. 2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್, ಎದುರಾಳಿ ಪಾಕಿಸ್ತಾನ. ವಿರಾಮಕ್ಕೆ ಸ್ವಲ್ಪ ಮುಂಚೆ ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಚೆಂಡು ಎತ್ತಿಕೊಂಡಿದ್ದ. ಭಾರತದ ಕೋಚ್ ಇಗೊರ್ ಸ್ಟಿಮಾಚ್ ಹಿಂದಿನಿಂದ ಬಂದು ಅದನ್ನು ತಟ್ಟಿ ಬೀಳಿಸಿದರು. ತಳ್ಳಾಟ, ಕೆಂಪು ಕಾರ್ಡ್. ಕೋಚ್ ಹೊರಗೆ ಹೋದ ಮೇಲೆ ನಿರ್ಧಾರಗಳೆಲ್ಲ ಅಂಗಳದಲ್ಲೇ ಇದ್ದ ನಾಯಕ ಸುನಿಲ್ ಚೆಟ್ರಿಯ ಕೈಗೆ ಬಂದವೇ? ಇಲ್ಲ. ಸಹಾಯಕ ಕೋಚ್ ಮಹೇಶ್ ಗವಳಿ ಗೆರೆಯ ಬಳಿ ಬಂದು ನಿಂತರು. ಬದಲಿಯಾಗಿ ಬಂದ ಉದಾಂತ ಸಿಂಗ್ ನಾಲ್ಕನೇ ಗೋಲು ಹೊಡೆದದ್ದು ಆಮೇಲೆ. ಚೆಟ್ರಿ ಮಾಡಿದ್ದು ಹ್ಯಾಟ್ರಿಕ್. ಅದೇನು ಸಣ್ಣದಲ್ಲ, ಆದರೆ ಅದನ್ನು ‘ನಾಯಕತ್ವ’ ಎಂದು ಕರೆದರೆ ಹುದ್ದೆ ಯಾವುದು, ಗುಣ ಯಾವುದು, ಗೋಲು ಯಾವುದು ಎಂಬುದೇ ಕಲಸಿಹೋಗುತ್ತದೆ.

ಹಾಗಾದರೆ ನಾಯಕ ಬರೀ ತೋಳಪಟ್ಟಿಯೇ ಎಂದು ಕೇಳಬೇಡಿ. ಒಯ್ಯುವವನು ಎಲ್ಲಿಗೂ ಒಯ್ಯಬಲ್ಲ. 2010ರ ವಿಶ್ವಕಪ್‌ಗೆ ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಫ್ರಾನ್ಸ್ ತಂಡವನ್ನು ನೋಡಿ. ಕೋಚ್‌ಗೆ ಬೈದನೆಂದು ಆಟಗಾರ ಅನೆಲ್ಕಾನನ್ನು ಮನೆಗೆ ಕಳಿಸಿದ್ದರು. ಮರುದಿನ ನೈಸ್ನಾದ ಅಭ್ಯಾಸದ ಅಂಗಳದಲ್ಲಿ ನಾಯಕ ಪ್ಯಾಟ್ರಿಸ್ ಎವ್ರಾಗೂ ದೈಹಿಕ ತರಬೇತುದಾರನಿಗೂ ಎಲ್ಲರೆದುರು ಜಟಾಪಟಿಯಾಯಿತು. ಆಟಗಾರರು ಅಭ್ಯಾಸ ಬಿಟ್ಟು ಬಸ್ ಹತ್ತಿ ಕುಳಿತರು. ಅವರ ಮುಷ್ಕರದ ಹೇಳಿಕೆಯನ್ನು ಪತ್ರಕರ್ತರ ಮುಂದೆ ಓದಿದ್ದು ಸ್ವತಃ ಕೋಚ್ ಡೊಮೆನೆಕ್! ಇಂಗ್ಲಿಷಿನಲ್ಲಿ ಬಸ್ಸಿಗೂ ಕೋಚ್ ಎನ್ನುವುದುಂಟು. ಒಂದು ಕೋಚ್ ಒಳಗೆ ತಂಡ, ಇನ್ನೊಂದು ಕೋಚ್ ಹೊರಗೆ. ಮುಂದಿನ ಪಂದ್ಯದಲ್ಲಿ ಎವ್ರಾ ಆಡಲಿಲ್ಲ, ಫ್ರಾನ್ಸ್ ಸೋತು ಮನೆಗೆ ಹೋಯಿತು.

ಸ್ಪೇನ್‌ನಲ್ಲಿ ನಡೆದದ್ದು ಇದರ ತಿರುವುಮುರುವು. ರಾಷ್ಟ್ರೀಯ ತಂಡದಲ್ಲಿ ಆಗ ಅರ್ಧಕ್ಕರ್ಧ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್‌ನವರು. 2011ರಲ್ಲಿ ಆ ಎರಡು ಕ್ಲಬ್‌ಗಳ ಜಗಳ ಯಾವ ಮಟ್ಟಕ್ಕೆ ಹೋಗಿತ್ತೆಂದರೆ, ಆಗಸ್ಟ್‌ನ ಸೂಪರ್ ಕಪ್ ಪಂದ್ಯದಲ್ಲಿ ಮ್ಯಾಡ್ರಿಡ್‌ನ ಕೋಚ್ ಮೌರಿನ್ಯೊ ಎದುರು ತಂಡದ ಸಹಾಯಕ ಕೋಚ್‌ನ ಕಣ್ಣಿಗೇ ಬೆರಳು ಹಾಕಿದ್ದರು. ಒಂದೇ ಅಂಗಿ ತೊಟ್ಟು ಆಡಬೇಕಾದವರು ಮಾತು ಬಿಡುವ ಹಂತಕ್ಕೆ ಬಂದಿದ್ದರು. ಅದಾದ ಮೇಲೆ ಸ್ಪೇನ್‌ನ ನಾಯಕ, ಮ್ಯಾಡ್ರಿಡ್‌ನ ಗೋಲ್‌ಕೀಪರ್ ಕಸಿಯಾಸ್, ಬಾರ್ಸಿಲೋನಾದ ಚಾವಿ ಮತ್ತು ಪುಯೋಲ್‌ಗೆ ಫೋನ್ ಮಾಡಿ ಸಂಧಾನಕ್ಕೆ ಕೂತ. ಮುಂದಿನ ಬೇಸಿಗೆಯಲ್ಲಿ ಸ್ಪೇನ್ ಕೀವ್‌ನಲ್ಲಿ ಇಟಲಿಯನ್ನು 4–0ಯಿಂದ ಸೋಲಿಸಿ ಯೂರೋ ಕಪ್ ಉಳಿಸಿಕೊಂಡಿತು. ಅದೇ ವರ್ಷ ಕಸಿಯಾಸ್–ಚಾವಿ ಜೋಡಿಗೆ ಅವರ ದೇಶದ ಪ್ರಿನ್ಸ್ ಆಫ್ ಆಸ್ಟುರಿಯಸ್ ಕ್ರೀಡಾ ಪ್ರಶಸ್ತಿಯೂ ಬಂತು. ಆ ಫೋನ್ ಕರೆಯನ್ನು ‘ನಾಯಕನ ತಂತ್ರ’ ಎಂದು ಯಾರಾದರೂ ಬರೆದರೆ ನನ್ನ ತಕರಾರಿಲ್ಲ.