ಕಿರೀಟದ ಕತೆಯಲ್ಲಿ ಬಿಟ್ಟುಹೋದ ಲೆಕ್ಕ

ಪ್ಲವನ ಬಲದ, ಎಂದರೆ ದ್ರವ ತನ್ನೊಳಗಿನ ವಸ್ತುವನ್ನು ಮೇಲಕ್ಕೆತ್ತುವ ಬಲದ, ಪಾಠ ಶುರುವಾಗುವುದೇ ಸ್ನಾನದ ತೊಟ್ಟಿಯಿಂದ: ರಾಜನ ಚಿನ್ನದ ಕಿರೀಟಕ್ಕೆ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೆಯೇ ಎಂದು ಪತ್ತೆಹಚ್ಚಬೇಕಿದ್ದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್‌ಗೆ, ತಾನು ತೊಟ್ಟಿಗಿಳಿದಾಗ ಉಕ್ಕಿದ ನೀರು ಕಂಡು ಉಪಾಯ ಹೊಳೆಯಿತಂತೆ. ಆ ಕತೆ ಬಂದಿರುವುದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್‌ನಿಂದ, ಅವನು ಬರೆಯುವ ಹೊತ್ತಿಗೆ ಆರ್ಕಿಮಿಡೀಸ್ ತೀರಿಕೊಂಡು (ಕ್ರಿ.ಪೂ. 212) ಹೆಚ್ಚುಕಡಿಮೆ ಎರಡು ಶತಮಾನ ಕಳೆದಿತ್ತು. ತೇಲುವ ವಸ್ತುಗಳ ಬಗ್ಗೆ ಆರ್ಕಿಮಿಡೀಸನೇ ಬರೆದ ಗ್ರಂಥದಲ್ಲಿ ಕಿರೀಟದ ಸುದ್ದಿಯೇ ಇಲ್ಲ.

ಲೆಕ್ಕ ಹಾಕಿದರೆ ಕತೆ ಇನ್ನಷ್ಟು ಸೊರಗುತ್ತದೆ. ಒಂದು ಕಿಲೋ ಅಪ್ಪಟ ಚಿನ್ನದ ಗಾತ್ರ ಸುಮಾರು 52 ಘನ ಸೆಂ.ಮೀ. ಅದರಲ್ಲಿ 300 ಗ್ರಾಂ ಕದ್ದು ಅಷ್ಟೇ ತೂಕದ ಬೆಳ್ಳಿ ಬೆರೆಸಿದರೆ 65. 20 ಸೆಂ.ಮೀ. ವ್ಯಾಸದ ಪಾತ್ರೆಯಲ್ಲಿ ಈ 13ರ ವ್ಯತ್ಯಾಸಕ್ಕೆ ನೀರು ಅರ್ಧ ಮಿಲಿಮೀಟರೂ ಏರದು. ಹಾಗಾಗಿಯೇ 1586ರ ಸುಮಾರಿಗೆ, ಇನ್ನೂ ಇಪ್ಪತ್ತೆರಡರ ಗೆಲಿಲಿಯೋ, ಉಕ್ಕಿದ ನೀರು ಅಳೆಯುವುದು ಒರಟು ಉಪಾಯವೆಂದು ತಳ್ಳಿಹಾಕಿ, ವಸ್ತುವನ್ನು ತಕ್ಕಡಿಗೆ ತೂಗುಹಾಕಿ ನೀರಿನೊಳಗೆ ತೂಗುವ ಕ್ರಮ ಸೂಚಿಸಿದ. ನೀರೊಳಗೆ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುವುದರಿಂದ, ಅದೇ ವ್ಯತ್ಯಾಸ ಈಗ 13 ಗ್ರಾಂ ಆಗಿ ಕೈಗೆ ಸಿಗುತ್ತದೆ. ಇಂದಿಗೂ ತೂಗುವವರು ಎಡವುವುದು ಗುಳ್ಳೆಗಳಲ್ಲಿ: ಕೆತ್ತನೆಯ ಸಂದಿಯಲ್ಲಿ 1 ಘನ ಸೆಂ.ಮೀ. ಗಾಳಿ ಉಳಿದರೆ 1 ಗ್ರಾಂ ತಪ್ಪು. ವಸ್ತು ಪಾತ್ರೆಯ ಗೋಡೆಗೋ ತಳಕ್ಕೋ ತಾಗಿದರೂ ಅಳತೆ ಕೆಟ್ಟಂತೆಯೇ.

ಮೇಲಕ್ಕೆತ್ತುವ ಈ ಬಲ ಎಲ್ಲಿಂದ ಬರುತ್ತದೆ? ಇದನ್ನು ಬಿಡಿಸಿಟ್ಟದ್ದು 1586ರಲ್ಲೇ ಪ್ರಕಟವಾದ, ಫ್ಲೆಮಿಷ್ ಗಣಿತಜ್ಞ ಸೈಮನ್ ಸ್ಟೆವಿನ್‌ನ ಬರಹ: ದ್ರವದ ಒತ್ತಡ ಆಳಕ್ಕೆ ತಕ್ಕಂತೆ, ಪಾತ್ರೆಯ ಆಕಾರಕ್ಕಲ್ಲ. 10 ಸೆಂ.ಮೀ. ಬದಿಯ ಘನವೊಂದರ ಮೇಲ್ಮುಖ ಅರ್ಧ ಮೀಟರ್ ಆಳದಲ್ಲಿದೆ ಎನ್ನಿ. ಅದನ್ನು ನೀರು 49 ನ್ಯೂಟನ್‌ನಷ್ಟು ಕೆಳಕ್ಕೆ ಒತ್ತುತ್ತದೆ, ಅಡಿಯನ್ನು 58.8ರಷ್ಟು ಮೇಲಕ್ಕೆ. ಉಳಿದ 9.8 ನ್ಯೂಟನ್ ಎಂದರೆ ಸರಿಯಾಗಿ ಒಂದು ಲೀಟರ್ ನೀರಿನ ತೂಕ. ಐದು ಮೀಟರ್ ಆಳಕ್ಕಿಳಿಸಿದರೆ 490 ಮತ್ತು 499.8, ವ್ಯತ್ಯಾಸ ಅಷ್ಟೇ. ಪಕ್ಕದ ಬಲಗಳು ಪರಸ್ಪರ ವಜಾ.

ವಸ್ತುವಿನ ಅಡಿಯಲ್ಲಿ ನೀರೇ ಇಲ್ಲದಿದ್ದರೆ ಈ ಲೆಕ್ಕ ತಲೆಕೆಳಗು. ನಯವಾದ ತಳಕ್ಕೆ ಬಿಗಿಯಾಗಿ ಕೂತ ವಸ್ತುವನ್ನು ನೀರು ಕೆಳಕ್ಕಷ್ಟೇ ಅದುಮುತ್ತದೆ. ಕೆಸರಲ್ಲಿ ಹೂತ ಹಡಗು ಎತ್ತುವವರಿಗೆ ಇದು ನಿಜವಾದ ತಲೆನೋವು: ತೂಕದ ಜೊತೆ ಕೆಸರಿನ ಹಿಡಿತವನ್ನೂ ಬಿಡಿಸಬೇಕು. ಅದಕ್ಕೇ ಅಡಿಗೆ ರಭಸದ ನೀರು ಹಾಯಿಸಿ ಕೆಸರು ಸಡಿಲಿಸುತ್ತಾರೆ. ಬದಲಿಗೆ ತೇಲುಚೀಲಗಳಿಗೆ ಗಾಳಿ ತುಂಬುತ್ತಲೇ ಹೋದರೆ, ಹಿಡಿತ ತಪ್ಪಿದ ಕ್ಷಣ ಹೆಚ್ಚುವರಿ ಬಲವೆಲ್ಲ ಒಟ್ಟಿಗೆ ಮೇಲೆದ್ದು ಹಡಗು ನುಗ್ಗುತ್ತದೆ. ಮೇಲೇರಿದಂತೆ ಒತ್ತಡ ಇಳಿದು ಗಾಳಿ ಹಿಗ್ಗುವುದರಿಂದ, ಹೊರದಾರಿಯಿಲ್ಲದ ಚೀಲ ಅರ್ಧದಾರಿಯಲ್ಲೇ ಒಡೆಯಲೂಬಹುದು.