ಇಂಪ್ಲಾಂಟ್ ಟೈಟಾನಿಯಂದಾ, ಸೆರಾಮಿಕ್‌ದಾ?

ಹಲ್ಲು ಕಿತ್ತ ಜಾಗಕ್ಕೆ ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸೋ ಕೃತಕ ಬೇರು) ಹಾಕಿಸೋಣ ಅಂತ ಹೋದ್ರೆ ಈಗ ಕೆಲವು ಕಡೆ "ಮೆಟಲ್ ಯಾಕೆ ಸಾರ್, ಸೆರಾಮಿಕ್ ಹಾಕಿಸ್ಕೊಳ್ಳಿ, ನ್ಯಾಚುರಲ್ಲು" ಅಂತಾರೆ. ಈ ನ್ಯಾಚುರಲ್ ಅನ್ನೋ ಮಾತು ಕೇಳಿದ್ರೆ ನಂಗೆ ನಗು ಬರುತ್ತೆ. ಆ ಸೆರಾಮಿಕ್ಕಿನ ಹೆಸರು ಜಿರ್ಕೋನಿಯಾ, ಅಂದ್ರೆ ಜಿರ್ಕೋನಿಯಂ ಅನ್ನೋ ಲೋಹದ ಆಕ್ಸೈಡು. ಅತ್ಲಾಗೆ ಟೈಟಾನಿಯಂಗೂ ಗಾಳಿ ಸೋಕಿದ ಕೂಡ್ಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಕೊಳ್ಳುತ್ತೆ, ಮೂಳೆಗೆ ತಾಗೋದು ಆ ಪದರಾನೇ. ಎರಡರ ಅದಿರೂ ಕೇರಳದ ಚವರ ಕಡಲತೀರದ ಮರಳಲ್ಲಿ ಒಟ್ಟಿಗೇ ಸಿಗುತ್ತೆ, ಅಷ್ಟು ಹತ್ತಿರದ ನೆಂಟ್ರು ಇವು!

ಟೈಟಾನಿಯಂ ಕಥೆ ಗೊತ್ತಿರೋದೇ. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡೋಕೆ ಟೈಟಾನಿಯಂ ಉಪಕರಣ ಕೂರಿಸಿದ್ರು, ಆಮೇಲೆ ತೆಗೆಯೋಕೆ ಹೋದ್ರೆ ಅದು ಮೂಳೆ ಜೊತೆ ಬೆಸ್ಕೊಂಡು ಬರಲೇ ಇಲ್ಲ. 1965ರಲ್ಲಿ ಮೊದಲ ಸಲ ಮನುಷ್ಯರ ದವಡೆಗೆ ಹಾಕಿದ್ರು, ಆ ರೋಗಿ 40 ವರ್ಷ ಅದ್ರಲ್ಲೇ ಊಟ ಮಾಡಿದ್ರು.

ಸೆರಾಮಿಕ್ ವಿಷ್ಯ ಹಂಗಲ್ಲ. ಮೊದಲು ಬಂದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಇಂಪ್ಲಾಂಟ್‌ಗಳು ಮುರೀತಿದ್ವು, ಹಾಗಾಗಿ ಮೂಲೆ ಸೇರಿದ್ವು. ಜಿರ್ಕೋನಿಯಾ ಗೆದ್ದಿದ್ದು ಒಂದು ವಿಚಿತ್ರ ಗುಣದಿಂದ. ಇಟ್ರಿಯಾ (ಇಟ್ರಿಯಂ ಅನ್ನೋ ಲೋಹದ ಆಕ್ಸೈಡು) ಬೆರೆಸಿದ ಜಿರ್ಕೋನಿಯಾದಲ್ಲಿ ಬಿರುಕು ಶುರುವಾದ್ರೆ, ಬಿರುಕಿನ ತುದಿಯಲ್ಲಿರೋ ಹರಳುಗಳು ತಟ್ಟನೆ ರೂಪ ಬದಲಿಸಿ ಗಾತ್ರದಲ್ಲಿ ಸುಮಾರು 4% ಉಬ್ಬುತ್ವೆ, ಆ ಉಬ್ಬೇ ಬಿರುಕನ್ನ ಎರಡೂ ಕಡೆಯಿಂದ ಅದುಮಿ ಮುಂದೆ ಹೋಗದಂಗೆ ತಡೆಯುತ್ತೆ. 1975ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನ ವಿವರಿಸ್ತಾ "ಸೆರಾಮಿಕ್ ಸ್ಟೀಲಾ?" ಅಂತಾನೇ ಕೇಳಿದ್ರು. ಆದ್ರೆ ಇದೇ ರೂಪ ಬದಲಾವಣೆ, ಬೆಚ್ಚಗಿನ ಒದ್ದೆ ಜಾಗದಲ್ಲಿ ಬಿರುಕಿಲ್ಲದೇನೂ ಮೇಲ್ಮೈಯಿಂದ ನಿಧಾನಕ್ಕೆ ನಡೀಬಹುದು. ಬಾಯಿಗಿಂತ ಬೆಚ್ಚಗಿನ ಒದ್ದೆ ಜಾಗ ಇನ್ನೆಲ್ಲಿದೆ ಹೇಳಿ? ಅದಕ್ಕೇ ತಯಾರಿಕೆಯ ಕ್ವಾಲಿಟಿ ಇಲ್ಲಿ ಲೋಹಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ, ಸುಮ್ನೆ ಅಗ್ಗಕ್ಕೆ ಸಿಕ್ತು ಅಂತ ಹಾಕಿಸ್ಬಾರ್ದು.

ಇನ್ನೊಂದು, ಸೆರಾಮಿಕ್ ಇಂಪ್ಲಾಂಟ್ ಬಹಳಷ್ಟು ಒಂದೇ ತುಂಡಿನದ್ದು. ಹಾಕಿದ ದಿನದಿಂದಲೇ ಒಸಡಿನ ಮೇಲೆ ಚಾಚ್ಕೊಂಡಿರುತ್ತೆ, ಮೂಳೆ ಹಿಡಿಯೋ ತಿಂಗಳುಗಳಲ್ಲಿ ನಾಲಿಗೆ ತಳ್ಳುತ್ತೆ, ಊಟದ ಭಾರ ಬೀಳುತ್ತೆ. ಸ್ವಲ್ಪ ಓರೆ ಕೂತ್ರೂ ಸರಿಪಡಿಸೋದು ಕಷ್ಟ. ಟೈಟಾನಿಯಂ ಎರಡು ತುಂಡಿನದ್ದಾದ್ರೆ ಕೆಳಗಿಂದು ಒಸಡಿನ ಕೆಳಗೆ ಆರಾಮಾಗಿರುತ್ತೆ, ಮೇಲಿನ ತುಂಡಲ್ಲಿ ಕೋನ ಹೊಂದಿಸ್ಬಹುದು.

ಸೆರಾಮಿಕ್ ನಿಜವಾಗ್ಲೂ ಮೇಲಾಗೋದು ಮುಂದಿನ ಹಲ್ಲಲ್ಲಿ, ಒಸಡು ತೆಳ್ಳಗಿದ್ದೋರಿಗೆ ಲೋಹದ ಬೂದು ನೆರಳು ಕಾಣುತ್ತೆ. ಟೈಟಾನಿಯಂ ಅಲರ್ಜಿ ಇದೆ ಅಂತ ಗಟ್ಟಿಯಾಗಿ ಗೊತ್ತಾದೋರಿಗೂ ಸರಿ, ಅದು ಅಪರೂಪ. ರಾತ್ರಿ ಹಲ್ಲು ಕಡಿಯೋರಿಗೆ, ದವಡೆ ಹಲ್ಲಿಗೆ ನಾನಂತೂ ಟೈಟಾನಿಯಂ ಕಡೆಗೇ. ಸಕ್ಕರೆ ಕಾಯಿಲೆ ಹತೋಟೀಲಿ ಇಲ್ದಿದ್ರೆ, ಸಿಗರೇಟ್ ಬಿಡದಿದ್ರೆ ಎರಡೂ ಅಲ್ಲಾಡ್ಬಹುದು. ಕೆಳಗೆ ಟೈಟಾನಿಯಂ, ಮೇಲೆ ಜಿರ್ಕೋನಿಯಾ ಕ್ಯಾಪ್ ಅನ್ನೋದೂ ಇದೆ, ಎಷ್ಟೋ ಜನ ಇದನ್ನೇ ಹಾಕಿಸ್ಕೊಳ್ಳೋದು.

ಯಾವುದೇ ಹಾಕಿಸಿ, ಕಂಪನಿ, ಮಾಡೆಲ್, ಸೈಜ್ ಬರೆದಿರೋ ಕಾರ್ಡ್ ಕೇಳಿ ಇಸ್ಕೊಳ್ಳಿ. ವರ್ಷಗಳಾದ್ಮೇಲೆ ತುಂಡುಗಳನ್ನ ಹಿಡಿದಿಡೋ ಸ್ಕ್ರೂ ಸಡಿಲ ಆಗಿ ಬೇರೆ ಊರಿನ ಡಾಕ್ಟರ ಹತ್ರ ಹೋದ್ರೆ, ಅದಕ್ಕೆ ಹೊಂದೋ ಟೂಲ್ ಯಾವುದು ಅಂತ ಎಕ್ಸ್-ರೇ ನೋಡಿ ಊಹಿಸೋದು ಸುಲಭ ಅಲ್ಲ.