ನಿಮ್ಮ ಜಾಹೀರಾತು ನಿಮಗೇ ಯಾಕೆ ಕೇಳಿಸಬೇಕು?

ಸೋಮವಾರ ಬೆಳಗ್ಗೆ ಏಳಕ್ಕೆ ಫೋನ್ ಬಂದರೆ, ಎತ್ತುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ. ಶನಿವಾರ ಹಾಡಿನ ಆ್ಯಪ್‌ನಲ್ಲಿ ಜಾಹೀರಾತು ಬಿಟ್ಟ ಯಾರೋ ಒಬ್ಬರು. ಮಾತೂ ಒಂದೇ. "ಸರ್, ಎರಡು ದಿನದಿಂದ ಕೇಳ್ತಾನೇ ಇದೀನಿ. ನಮ್ಮ ಜಾಹೀರಾತು ಬರಲೇ ಇಲ್ಲ."

ರೇಡಿಯೋಗೆ ಜಿಂಗಲ್ ಬರೆದು, ಮಾಡಿಸಿ ಹೊಟ್ಟೆ ಹೊರೆದವನು ನಾನು. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೋ ಸಿಟಿ, 2001ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾಯಿತು. ಅದಾದ ಒಂದೆರಡು ವರ್ಷಕ್ಕೆ ಈ ಕೆಲಸಕ್ಕೆ ಇಳಿದೆ. ಆಗ ಗ್ರಾಹಕರನ್ನು ಖುಷಿಪಡಿಸುವುದು ಸುಲಭ. ಬೆಳಗ್ಗೆ 8.40ಕ್ಕೆ ನಿಮ್ಮ ಸ್ಪಾಟ್ ಇದೆ ಅಂದರೆ ಸಾಕು, ಮನೆಮಂದಿಯೆಲ್ಲ ರೇಡಿಯೋ ಸುತ್ತ ಕೂರುತ್ತಿದ್ದರು. ಜಿಂಗಲ್ ಬಂತು, ಅಜ್ಜಿ ನಕ್ಕರು, ನನಗೆ ಚೆಕ್ ಬಂತು.

ಆ ಅಭ್ಯಾಸ ಹೋಗಿಲ್ಲ. ತೊಂದರೆ ಇರುವುದೇ ಅಲ್ಲಿ.

ಹೋದ ವರ್ಷ ದಸರಾಕ್ಕೆ ಮುಂಚೆ ಮೈಸೂರಿನ ಸೀರೆ ಅಂಗಡಿ ಯಜಮಾನರೊಬ್ಬರು ಬಂದರು. ಅರವತ್ತು ದಾಟಿದೆ, ಬಾಯಿ ತುಂಬಾ ಎಲೆ ಅಡಿಕೆ, ಒಳ್ಳೇ ಮನುಷ್ಯ. ಸ್ವಲ್ಪ ದುಡ್ಡು ಎಫ್‌ಎಂಗೆ, ಸ್ವಲ್ಪ ಆ್ಯಪ್‌ಗೆ ಅಂತ ಹಂಚಿದೆವು. ಆ್ಯಪ್‌ನಲ್ಲಿ ಮೈಸೂರಿನ ಹೆಂಗಸರು, ವಯಸ್ಸು 25ರಿಂದ 45, ಇಷ್ಟೇ ಜನಕ್ಕೆ ಕೇಳಿಸಲಿ ಅಂತ ಒಪ್ಪಂದ. ಅದಕ್ಕೆ ಸಹಿ ಹಾಕಿದವರೂ ಅವರೇ.

ಸೋಮವಾರ ಫೋನ್ ಬಂತು. "ಏನ್ ಸ್ವಾಮಿ, ದುಡ್ಡೆಲ್ಲ ಎಲ್ಲಿಗೆ ಹೋಯ್ತು?"

"ಯಜಮಾನ್ರೇ, ಅದು ನಿಮಗೆ ಕೇಳಿಸೋದಿಲ್ಲ," ಅಂದೆ.

"ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮೂರಲ್ಲಿ. ನನಗೇ ರೇಡಿಯೋ ಪಾಠ ಹೇಳ್ತೀರಾ?"

ಮಾತು ನಿಜವೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಆ ಹೆಸರು ಅಲ್ಲಿಂದ ಬಂದದ್ದು. ಆದರೆ ಗೋಪಾಲಸ್ವಾಮಿಯವರ ಕೇಂದ್ರದಿಂದ ಹೊರಟ ಧ್ವನಿ ರೇಡಿಯೋ ಇದ್ದ ಎಲ್ಲ ಮನೆಗೂ ಒಂದೇ ಆಗಿತ್ತು. ಈಗ ಪಕ್ಕಪಕ್ಕ ಕೂತ ಇಬ್ಬರು ಒಂದೇ ಆ್ಯಪ್‌ನಲ್ಲಿ ಒಂದೇ ಹಾಡು ಕೇಳುತ್ತಿದ್ದರೂ ನಡುವೆ ಬರುವ ಜಾಹೀರಾತು ಬೇರೆ ಬೇರೆ. ಇದೊಂದು ಮಾತು ತಲೆಗೆ ಇಳಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ.

ಎಫ್‌ಎಂನಲ್ಲಿ ನೀವು ಕೊಳ್ಳುವುದು ಹೊತ್ತು. ಹತ್ತು ಸೆಕೆಂಡಿಗೆ ಇಷ್ಟು ಅಂತ ರೇಟು. ಆ ಹೊತ್ತಿಗೆ ರೇಡಿಯೋ ಹಾಕಿದವರಿಗೆಲ್ಲ ಕೇಳಿಸುತ್ತದೆ. ಕೊಳ್ಳುವವರು, ಕೊಳ್ಳದವರು, ನೀವು, ನಿಮ್ಮ ಎದುರಂಗಡಿಯವರು, ಎಲ್ಲರಿಗೂ. ಆ್ಯಪ್‌ನಲ್ಲಿ 8.40 ಅನ್ನೋದೇ ಇಲ್ಲ. ಯಾರೋ ಒಬ್ಬರು ಹಾಡು ಹಾಕುತ್ತಾರೆ, ಎರಡು ಹಾಡಿನ ನಡುವೆ ಜಾಗ ಸಿಗುತ್ತದೆ, ಇವರು ಯಾರು, ಎಷ್ಟು ವಯಸ್ಸು, ಯಾವ ಊರು ಅಂತ ಆ್ಯಪ್ ನೋಡುತ್ತದೆ. ನಿಮ್ಮ ಪಟ್ಟಿಗೆ ಹೊಂದಿದರೆ ನಿಮ್ಮ ಜಾಹೀರಾತು, ಇಲ್ಲದಿದ್ದರೆ ಇನ್ನೊಬ್ಬರದು. ರೇಟು ಸಾವಿರ ಸಲ ಕೇಳಿಸಿದರೆ ಇಷ್ಟು ಅಂತ.

ಯಜಮಾನರಿಗೆ ಹೀಗೆ ಹೇಳಿದೆ: ಎಫ್‌ಎಂ ಅಂದರೆ ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ. ಆ್ಯಪ್ ಅಂದರೆ ಮದುವೆ ಕರೆಯೋಲೆ ಹಂಚಿದ ಹಾಗೆ. ಮಗಳ ಮದುವೆ ಪತ್ರಿಕೆ ನಮ್ಮ ಮನೆಗೇ ಬರಲಿಲ್ಲ ಅಂತ ಯಾರಾದರೂ ದೂರುತ್ತಾರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಚಿದ್ದೀರಿ ಅನ್ನೋದಕ್ಕೆ ಸಾಕ್ಷಿ?" ಅಂದರು. ವ್ಯಾಪಾರಸ್ಥರು ನೋಡಿ.

ಪ್ರಶ್ನೆ ಸರಿಯಾಗೇ ಇದೆ. ಅದಕ್ಕೇ ರಿಪೋರ್ಟ್ ಇರುವುದು. ಎಫ್‌ಎಂನವರು ಯಾವ ದಿನ ಎಷ್ಟು ಗಂಟೆಗೆ ಬಂತು ಅಂತ ಲಾಗ್ ಕೊಡುತ್ತಾರೆ. ಆ ಹೊತ್ತಲ್ಲಿ ಎಷ್ಟು ಜನ ಕೇಳುತ್ತಿದ್ದರು ಅನ್ನೋದು ಅಂದಾಜು. ಆ್ಯಪ್‌ನವರು ಎಷ್ಟು ಸಲ ಕೇಳಿಸಿತು, ಎಷ್ಟು ಜನಕ್ಕೆ, ಎಷ್ಟು ಜನ ಕೊನೆವರೆಗೂ ಕೇಳಿದರು ಅಂತ ಎಣಿಸಿ ಕೊಡುತ್ತಾರೆ. ಇಲ್ಲೊಂದು ಎಚ್ಚರಿಕೆ. ಒಂದು ಲಕ್ಷ ಸಲ ಅಂದರೆ ಒಂದು ಲಕ್ಷ ಜನ ಅಲ್ಲ. ಒಬ್ಬೊಬ್ಬರಿಗೆ ನಾಲ್ಕು ಸಲ ಕೇಳಿಸಿದ್ದರೆ 25 ಸಾವಿರ ಜನ. ಮೈಸೂರಿನಂಥ ಊರಲ್ಲಿ ಆ 25 ಸಾವಿರದಲ್ಲಿ ನೀವೇ ಇರಬೇಕು ಅಂದರೆ ಹೇಗೆ? ಅದೂ ಅರವತ್ತು ದಾಟಿದ ಗಂಡಸು.

ಯಜಮಾನರು ನಂಬಲಿಲ್ಲ. ಅಂಗಡಿಯ ಐದು ಹುಡುಗರಿಗೆ ಒಂದಿಡೀ ದಿನ ಕಿವಿಗೆ ಇಯರ್‌ಫೋನ್ ಹಾಕಿಸಿ ಕೂರಿಸಿದರು. ಸೀರೆ ಮಡಚುತ್ತಾ ಹಾಡು ಕೇಳುವ ಕೆಲಸ, ಹುಡುಗರಿಗೆ ಹಬ್ಬ. ನಾಲ್ವರಿಗೆ ಏನೂ ಬರಲಿಲ್ಲ. ಐದನೆಯವನಿಗೆ ಮೂರು ಸಲ ಬಂತು. ವಿಚಾರಿಸಿದರೆ, ಅವನ ಆ್ಯಪ್ ಇದ್ದದ್ದು ಅಕ್ಕನ ಹೆಸರಲ್ಲಿ, ಅಕ್ಕನ ಹುಟ್ಟಿದ ದಿನ ಹಾಕಿ!

ಇದನ್ನು ಮುಚ್ಚಿಡಬಾರದು. ಜನ ತಾವೇ ತುಂಬಿದ್ದನ್ನು ಆ್ಯಪ್ ನಂಬುತ್ತದೆ. ಒಂದೇ ಫೋನನ್ನು ಅಮ್ಮ, ಮಗ ಇಬ್ಬರೂ ಹಿಡಿಯುತ್ತಾರೆ. ಊರಿನ ಲೆಕ್ಕ ಇನ್ನೂ ಸಡಿಲ. ಮೊಬೈಲ್ ಇಂಟರ್‌ನೆಟ್ಟಿನ ವಿಳಾಸ ನೋಡಿ ಊರು ಗುರುತಿಸುವಾಗ, ಬೇರೆ ಊರಲ್ಲಿ ಕೂತವರೂ ಎಷ್ಟೋ ಸಲ ಬೆಂಗಳೂರಿನವರಾಗಿಬಿಡುತ್ತಾರೆ. ಆದ್ದರಿಂದ ಒಂದೇ ಬಡಾವಣೆಯಲ್ಲಿ ನಡೆಯುವ ಸಣ್ಣ ಅಂಗಡಿಗೆ ನಾನು ಆ್ಯಪ್ ಬೇಡ ಅಂತಲೇ ಹೇಳುತ್ತೇನೆ. ಆಟೋಗೆ ಮೈಕ್ ಕಟ್ಟಿ ಓಡಿಸಿ, ಅದೇ ವಾಸಿ. ಎಫ್‌ಎಂ ಮುಗಿಯಿತು ಅಂತ ನನ್ನ ಬಾಯಲ್ಲಿ ಹೇಳಿಸಲು ಬರಬೇಡಿ, ಅದೂ ಆಗೋದಿಲ್ಲ. ಕಾರು, ಆಟೋ, ಟೈಲರ್ ಅಂಗಡಿ, ಅಡುಗೆಮನೆ, ಇಲ್ಲೆಲ್ಲ ಅದಿನ್ನೂ ಓಡುತ್ತಿದೆ. ಅಲ್ಲಿ ಆರ್‌ಜೆ ತನ್ನ ಮಾತಿನ ನಡುವೆ ನಿಮ್ಮ ಅಂಗಡಿ ಹೆಸರು ಎತ್ತಿದರೆ ಸಿಗುವ ನಂಟು ಎರಡು ಹಾಡಿನ ನಡುವಿನ ಜಾಹೀರಾತಿಗೆ ಸುಲಭಕ್ಕೆ ಸಿಗೋದಿಲ್ಲ. ಪಾಡ್‌ಕಾಸ್ಟ್‌ನಲ್ಲಿ ನಡೆಸಿಕೊಡುವವರೇ ಓದುವ ಜಾಹೀರಾತಿಗೆ ಬೆಲೆ ಬಂದಿರುವುದೂ ಇದಕ್ಕೇ.

ಇನ್ನೊಂದು ಕೋರಿಕೆ. ಎಫ್‌ಎಂಗೆ ಮಾಡಿಸಿದ ಜಿಂಗಲ್ಲನ್ನೇ ಆ್ಯಪ್‌ಗೂ ತಳ್ಳಬೇಡಿ. ಟ್ರಾಫಿಕ್ಕಿನ ಗದ್ದಲದಲ್ಲಿ ಕೇಳಿಸಲಿ ಅಂತ "ಬನ್ನಿ ಬನ್ನಿ ಬನ್ನಿ!" ಎಂದು ಕಿರುಚಿಸಿರುತ್ತೇವೆ. ರಾತ್ರಿ ಹನ್ನೊಂದಕ್ಕೆ ಮಲಗಿ ಭಾವಗೀತೆ ಕೇಳುವವರ ಕಿವಿಯೊಳಗೆ ಹಾಗೆ ಕಿರುಚಿದರೆ ಅವರು ನಿಮ್ಮ ಅಂಗಡಿಗೆ ಬರೋದಿಲ್ಲ, ಶಾಪ ಹಾಕುತ್ತಾರೆ. ಫೋನ್ ನಂಬರನ್ನು ಎರಡೆರಡು ಸಲ ಓದಿಸುವ ಹಟವನ್ನೂ ಬಿಡಿ. ಪರದೆ ಮೇಲೆ ಚಿತ್ರ ಬರುತ್ತದೆ, ಒತ್ತಿದರೆ ನಿಮ್ಮ ಪುಟ ತೆರೆಯುತ್ತದೆ. ನಾವು ಯಜಮಾನರಿಗೆ ಆ್ಯಪ್‌ಗೆಂದೇ ಇಪ್ಪತ್ತು ಸೆಕೆಂಡಿನದೊಂದು ಬೇರೆ ಮಾಡಿಸಿದ್ದೆವು. ಒಬ್ಬ ಹೆಂಗಸು ಗೆಳತಿಗೆ ಮೆಲ್ಲಗೆ ಹೇಳುವ ಹಾಗೆ, ಹಿಂದೆ ರೇಷ್ಮೆ ಸೀರೆ ಬಿಚ್ಚುವ ಸರಸರ ಸದ್ದು. ಆ ಸದ್ದಿಗಾಗಿ ಸ್ಟುಡಿಯೋದಲ್ಲಿ ನಿಜವಾದ ಸೀರೆಯನ್ನೇ ಮೈಕ್ ಮುಂದೆ ಹನ್ನೊಂದು ಸಲ ಬಿಚ್ಚಿ ಮಡಚಿದ್ದೇವೆ. ಅಂಚು ಮಾಸಿತು ಅಂತ ಯಜಮಾನರು ಆ ಸೀರೆಯನ್ನೂ ನನ್ನ ಲೆಕ್ಕಕ್ಕೇ ಬರೆದರು.

ಅವರಿಗೆ ಹಾಡಿನ ನಡುವೆ ಒಂದೂ ಜಾಹೀರಾತು ಬರದಿದ್ದುದಕ್ಕೆ ಕಾರಣ ಆಮೇಲೆ ತಿಳಿಯಿತು. ಮಗ ಮನೆಯವರಿಗೆಲ್ಲ ಪ್ರೀಮಿಯಂ ಹಾಕಿಸಿದ್ದ. ಜಾಹೀರಾತು ಬೇಡ ಅಂತಲೇ ತಿಂಗಳು ತಿಂಗಳು ದುಡ್ಡು ಕಟ್ಟಿ, ಜಾಹೀರಾತು ಬರಲಿಲ್ಲ ಅಂತ ನನ್ನ ಮೇಲೆ ರೇಗಿದ್ದರು. ವಿಷಯ ಹೇಳಿದ ದಿನವೇ ತಮ್ಮ ಫೋನಿನಲ್ಲಿ ಪ್ರೀಮಿಯಂ ತೆಗೆಸಿದರು. ಮಾರನೆಯ ದಿನ ಮತ್ತೆ ಏಳಕ್ಕೆ ಫೋನ್.

"ಸ್ವಾಮಿ, ಈಗ ಜಾಹೀರಾತು ಬರ್ತಾ ಇದೆ."

"ಸರಿ ಹೋಯ್ತಲ್ಲ ಯಜಮಾನ್ರೇ."

"ಎಲ್ಲಿ ಸರಿ? ಬರೀ ಪಂಚೆದು, ಮಂಡಿ ನೋವಿನ ಎಣ್ಣೆದು!"